ಬೇಡದ ತಂತಿಯ ಬಾಯಿ ಮುಚ್ಚಿಸಿ!

ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಕೇಳಿದ್ದೀರಲ್ಲ? ಗಾಯಕ ಸೊಗಸಾಗಿ ಹಾಡ್ತಾನೆ, ತಬಲಾ ಠೀವಿಯಿಂದ ನಡೀತಿದೆ. ಗಿಟಾರ್ ಮಾತ್ರ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ‘ಗುಂಯ್’ ಅಂತಿರುತ್ತೆ. ಲೀಡರ್ ಸಿಡುಕುತ್ತಾನೆ: ‘ಬೆರಳಾಟ ಬಿಡು, ಪಿಕ್ ಹಿಡಿ. ಇಲ್ಲಾಂದ್ರೆ ಮುಂದಿನ ಪ್ರೋಗ್ರಾಂಗೆ ಬೇರೆಯವನನ್ನ ಕರೀತೀನಿ!’

ಹುಡುಗನ ಅನ್ನಕ್ಕೇ ಸಂಚಕಾರ! ಆದರೆ ತಪ್ಪು ಬೆರಳಿನದಲ್ಲ ಕಣ್ರೀ, ಸುಮ್ಮನಿರಿಸದೆ ಬಿಟ್ಟ ತಂತಿಗಳದು.

ಗಿಟಾರಿಗೆ ಆರು ತಂತಿ. ನೀವು ಮೀಟುವುದು ಒಂದನ್ನು. ಉಳಿದ ಐದೂ ಕಿವಿ ನಿಮಿರಿಸಿ ಕೂತಿರುತ್ತವೆ. ಬೇಕಾದರೆ ಪರೀಕ್ಷೆ ಮಾಡಿ. ಶ್ರುತಿ ಸರಿಮಾಡಿಕೊಂಡು, ತೆಳ್ಳನೆಯ ಒಂದನೇ ತಂತಿಯನ್ನು ಐದನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ, ತಕ್ಷಣ ತಡೆಯಿರಿ. ಸದ್ದು ಪೂರ್ತಿ ನಿಲ್ಲೋದಿಲ್ಲ! ಮುಟ್ಟದೇ ಇದ್ದ ಐದನೇ ತಂತಿ ತಾನಾಗಿ ಗುನುಗುತ್ತಿರುತ್ತೆ. ಅದರ ಕಂಪನ ಸೆಕೆಂಡಿಗೆ 110. ನೀವು ಮೀಟಿದ್ದು 440, ಸರಿಯಾಗಿ ನಾಲ್ಕು ಪಟ್ಟು. ನೆಂಟಸ್ತಿಕೆ ಇದೆ, ಓಗೊಡುತ್ತೆ! ಸಿತಾರಿನಲ್ಲಿ ಇದಕ್ಕೆಂದೇ ತರಬ್ ತಂತಿ ಕಟ್ಟುತ್ತಾರೆ, ಅಲ್ಲಿ ಭೂಷಣ. ಆಂಪ್ಲಿಫೈಯರಿಗೆ ಹಚ್ಚಿದ ಗಿಟಾರಿನಲ್ಲಿ ಅದೇ ದೂಷಣ.

ಪಿಕ್ ಹಿಡಿದವನ ಅಂಗೈಯ ಅಂಚು ಬ್ರಿಜ್ ಬಳಿ ದಪ್ಪ ತಂತಿಗಳ ಮೇಲೆ ಒರಗಿ, ಪೇದೆಯಂತೆ ಕಾವಲು ಕಾಯುತ್ತೆ. ಬೆರಳಲ್ಲಿ ಮೀಟುವವನ ಅಂಗೈ ಮೇಲೆದ್ದಿರುತ್ತೆ. ಆ ಡ್ಯೂಟಿಯನ್ನು ಮೂವರಿಗೆ ಹಂಚಬೇಕು.

ಮೊದಲನೆಯದು ಹೆಬ್ಬೆರಳು. ಮೀಟದಿರುವಾಗ ಅದು ದಪ್ಪ ತಂತಿಗಳ ಮೇಲೆ ಒರಗಿರಲಿ. ಹಾಡು ತೆಳು ತಂತಿಗಳತ್ತ ಇಳಿದಂತೆ ಅದೂ ಜೊತೆಗೇ ಇಳಿದು, ದಾಟಿ ಬಂದ ತಂತಿಗಳನ್ನು ಮುಚ್ಚಲಿ.

ಎರಡನೆಯದು ಮೀಟುವ ಬೆರಳು. ಮೀಟಿದ ಮೇಲೆ ಗಾಳಿಯಲ್ಲಿ ಹಾರಬೇಡ. ಪಕ್ಕದ ದಪ್ಪ ತಂತಿಯ ಮೇಲೆ ಹೋಗಿ ಕೂರಲಿ. ಸ್ಪೇನಿನವರು ಇದನ್ನು ‘ಅಪೊಯಾಂದೊ’ ಅಂತಾರೆ. ಸ್ವರವೂ ತುಂಬಿ ಬರುತ್ತೆ, ಪಕ್ಕದವನೂ ತೆಪ್ಪಗಿರುತ್ತಾನೆ.

ಮೂರನೆಯದು ಎಡಗೈ ತೋರುಬೆರಳು. ತುದಿ ಪಕ್ಕದ ದಪ್ಪ ತಂತಿಗೆ ಸೋಕಲಿ, ಒಳಮೈ ತೆಳು ತಂತಿಗಳ ಮೇಲೆ ಹಗುರಾಗಿ ಮಲಗಲಿ. ಒತ್ತಿದಿರೋ, ಅಲ್ಲೊಂದು ಹೊಸ ಸ್ವರ ಹುಟ್ಟಿತು!

‘ಇಷ್ಟೆಲ್ಲ ಯಾಕೆ, ಫೋಮ್ ತುರುಕಿದರಾಯ್ತು’ ಅನ್ನುವವರಿದ್ದಾರೆ. ನಿಜ, ಅಮೆರಿಕದ ಮೋಟೌನ್ ಕಂಪನಿಯ 1960ರ ದಶಕದ ಹಾಡುಗಳಿಗೆ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್ಸನ್ ಬ್ರಿಜ್ ಮುಚ್ಚಳದ ಕೆಳಗೆ ಫೋಮ್ ಇಟ್ಟುಕೊಂಡೇ, ಒಂದೇ ತೋರುಬೆರಳಲ್ಲಿ ಕುಣಿಸಿದ. ಬೇಸ್‌ಗೆ ಆ ಮೊಟಕು ಸದ್ದೇ ಚೆಂದ. ಆದರೆ ಫೋಮ್‌ಗೆ ಬೇಕಾದ್ದು ಬೇಡದ್ದು ತಿಳಿಯದು, ಎಲ್ಲ ಸ್ವರದ ಕತ್ತನ್ನೂ ಹಿಸುಕುತ್ತೆ. ಎಳೆದು ನುಡಿಸುವ ಮೆಲೊಡಿಗೆ ಬೆರಳೇ ಗತಿ.

ಹಾಗಂತ ಪಿಕ್‌ಗೆ ಶರಣಾಗಬೇಕೇ? ವೆಸ್ ಮಾಂಟ್ಗೊಮರಿ ಬರೀ ಹೆಬ್ಬೆರಳಲ್ಲಿ ಜಾಝ್ ಲೋಕವನ್ನೇ ಗೆದ್ದ. ಆ ಮೆತ್ತನೆಯ ದನಿ ಪಿಕ್ ತುದಿಯಲ್ಲಿ ಎಲ್ಲಿಂದ ಬರಬೇಕು ಸ್ವಾಮಿ?

ಕಲಿಯುವ ಹುಡುಗರೇ, ಆಂಪ್ಲಿಫೈಯರ್ ಜೋರು ಮಾಡಿ, ಒಂದೊಂದೇ ಸ್ವರ ನಿಧಾನಕ್ಕೆ ನುಡಿಸಿ, ನಿಲ್ಲಿಸಿ. ನಿಂತ ಮೇಲೆ ಯಾರು ಮಾತಾಡ್ತಿದ್ದಾರೆ ಕೇಳಿ, ಅವರ ಮೇಲೆ ಬೆರಳಿಡಿ.

ಲೀಡರ್ ಮಹಾಶಯರೇ, ಹುಡುಗನನ್ನು ಓಡಿಸುವ ಮುಂಚೆ ಒಂದೆರಡು ತಿಂಗಳು ಟೈಮ್ ಕೊಡಿ. ಪಿಕ್ ಅಂಗಡಿಯಲ್ಲಿ ಸಿಗುತ್ತೆ. ಅಂಥ ಬೆರಳು ಸಿಗೋದಿಲ್ಲ.