ಪತ್ತೇದಾರಿಣಿಯೂ ಬೆಂಕಿಕಡ್ಡಿಯೂ

ಪತ್ತೇದಾರಿ ಕಥೆಯ ಚಪಲವಿಲ್ಲದವರು ಯಾರು? ಇಂದು ತರಗತಿಯಲ್ಲಿ ಪಂಪ, ರನ್ನರ ಪಾಠ ಹೇಳುವ ನಾನೂ ಬಾಲ್ಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವನೇ. ನಾನು ಆಗ ಓದಿದ ಕಥೆಗಳಲ್ಲಿ ಬಹುಮಟ್ಟಿಗೆ ಕಾಣೆಯಾಗುವವಳು ಹೆಣ್ಣು, ಹುಡುಕಿ ತರುವವನು ಗಂಡು. ಅದೇ ಲೋಕಸ್ವಭಾವವೆಂದು ನಂಬಿದ್ದೆ.

2020ರಲ್ಲಿ ಬಂದ ‘ಎನೋಲಾ ಹೋಮ್ಸ್’ ಎಂಬ ಇಂಗ್ಲಿಷ್ ಚಿತ್ರ ಈ ಪದ್ಧತಿಯನ್ನು ತಲೆಕೆಳಗು ಮಾಡಿತು. ಅಮೆರಿಕದ ಲೇಖಕಿ ನ್ಯಾನ್ಸಿ ಸ್ಪ್ರಿಂಗರ್ ಅವರ ಕಾದಂಬರಿಯೇ ಅದಕ್ಕೆ ಆಧಾರ. ಕಥಾನಾಯಿಕೆ ಷೆರ್ಲಾಕ್ ಹೋಮ್ಸನ ತಂಗಿ, ಹದಿನಾರರ ಹುಡುಗಿ. ತಾಯಿ ಮನೆಯಿಂದ ಮರೆಯಾದಾಗ ಹಿರಿಯಣ್ಣ ಮೈಕ್ರಾಫ್ಟ್ ಅವಳನ್ನು ‘ಮರ್ಯಾದಸ್ಥ ಹೆಣ್ಣಾಗಿ’ ತಿದ್ದುವ ಶಾಲೆಗೆ ಅಟ್ಟಲೆಣಿಸುತ್ತಾನೆ. ಹುಡುಗಿ ಗಂಡುಡುಗೆ ತೊಟ್ಟು ಲಂಡನ್ನಿಗೆ ಓಡುತ್ತಾಳೆ. ಎನೋಲಾ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ‘ಒಂಟಿ’ ಎಂಬರ್ಥದ ಪದವಾಗುತ್ತದೆ. ಈ ಒಂಟಿತನವೇ ಅವಳ ಬಲ, ಅವಳ ನೋವು.

ಈ ಚಿತ್ರದ ಎರಡನೆಯ ಭಾಗ ಬಂದದ್ದು 2022ರಲ್ಲಿ. ಪೀಣ್ಯದ ಬದಿಯಲ್ಲಿರುವ ನಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗೆ ಈಚೆಗೆ ಅದನ್ನು ತೋರಿಸಿದೆವು. ಬೆಂಕಿಕಡ್ಡಿ ಕಾರ್ಖಾನೆಯ ಸಾರಾ ಚಾಪ್‌ಮನ್ ಎಂಬ ಹುಡುಗಿ ಕಾಣೆಯಾಗಿದ್ದಾಳೆ. ಅಲ್ಲಿ ಕೆಲಸದ ಹುಡುಗಿಯರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಟೈಫಸ್ ಜ್ವರವೆಂದು ಮಾಲೀಕರು ಹೇಳುತ್ತಾರೆ. ಜ್ವರವಲ್ಲ, ಕಡ್ಡಿಯ ತುದಿಗೆ ಹಚ್ಚುವ ರಂಜಕದ ವಿಷವೆಂಬುದನ್ನು ಎನೋಲಾ ಪತ್ತೆಮಾಡುತ್ತಾಳೆ. ಕೊನೆಗೆ ಸಾರಾಳ ಕರೆಗೆ ಓಗೊಟ್ಟು ಹುಡುಗಿಯರೆಲ್ಲ ಕೆಲಸ ನಿಲ್ಲಿಸಿ ಹೊರನಡೆಯುತ್ತಾರೆ.

ದೀಪ ಹೊತ್ತಿತು, ಚಪ್ಪಾಳೆಯಾಯಿತು. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: “ಸಾರ್, ತಮ್ಮ ಜೊತೆಯವರು ಯಾಕೆ ಸಾಯುತ್ತಿದ್ದಾರೆ ಅಂತ ಆ ಹುಡುಗಿಯರಿಗೇ ಗೊತ್ತಿರಲಿಲ್ಲವೆ? ದೊಡ್ಡಮನೆಯ ಹುಡುಗಿ ಬಂದು ಹೇಳಬೇಕಾಯಿತೆ?”

ಪ್ರಶ್ನೆ ಸಣ್ಣದಲ್ಲ. ಸಾರಾ ಚಾಪ್‌ಮನ್ ನಿಜವಾಗಿ ಬಾಳಿದ ಹೆಣ್ಣು. 1888ರ ಜುಲೈಯಲ್ಲಿ ಲಂಡನ್ನಿನ ಪೂರ್ವಭಾಗದ ಬ್ರಯಂಟ್ ಅಂಡ್ ಮೇ ಕಾರ್ಖಾನೆಯಿಂದ ಸುಮಾರು 1,400 ಮಂದಿ ಹೆಂಗಸರು, ಹುಡುಗಿಯರು ಹೊರಬಿದ್ದರು. ಬಿಳಿಯ ರಂಜಕ ದವಡೆಯ ಎಲುಬನ್ನೇ ಕೊಳೆಯಿಸುತ್ತಿತ್ತು. ಮಾತಾಡಿದರೆ ದಂಡ, ಕಾಲು ಕೊಳೆಯಾದರೆ ದಂಡ. ಇದನ್ನು ಪತ್ರಿಕೆಯಲ್ಲಿ ಬಯಲಿಗೆಳೆದವರು ಆನಿ ಬೆಸೆಂಟ್. 1917ರಲ್ಲಿ ನಮ್ಮ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಅದೇ ಬೆಸೆಂಟ್. ಆದರೆ ಅವರಿಗೆ ಸಂಗತಿಗಳನ್ನು ಹೇಳಿದವರು ಯಾರು? ಆ ಹುಡುಗಿಯರೇ. ಬರಹವೆಲ್ಲ ಸುಳ್ಳೆಂದು ಸಹಿ ಹಾಕಿರೆಂದಾಗ ಒಪ್ಪದೆ ನಿಂತವರೂ ಅವರೇ. ಕೆಲವೇ ವಾರಗಳಲ್ಲಿ ದಂಡದ ಪದ್ಧತಿ ಹೋಯಿತು. ರಂಜಕದಿಂದ ದೂರ ಕುಳಿತು ಉಣ್ಣಲು ಬೇರೆ ಕೋಣೆ ಬಂತು. ಹೆಂಗಸರ ಸಂಘ ಹುಟ್ಟಿತು. ಚಿತ್ರ ಈ ಕೀರ್ತಿಯ ಅರ್ಧಪಾಲನ್ನು ಕಲ್ಪನೆಯ ಹುಡುಗಿಗೆ ಕೊಟ್ಟುಬಿಟ್ಟಿದೆ. ಅದು ಅದರ ಸೊಗಸು, ಅದರ ಲೋಪ.

ಇಷ್ಟನ್ನು ಹೇಳಿ ಮುಗಿಸಿದಾಗ ಆ ಹುಡುಗಿ ಮೆಲ್ಲಗೆ ಹೇಳಿದಳು: “ನಮ್ಮಮ್ಮನೂ ಹಾಗೆ ಒಂದು ದಿನ ರಸ್ತೆಗೆ ಇಳಿದಿದ್ದರು ಸಾರ್. ಜಾಲಹಳ್ಳಿ ಕ್ರಾಸಿನಲ್ಲಿ.”

ನನಗೆ ಆ ದಿನ ಚೆನ್ನಾಗಿ ನೆನಪಿದೆ. 2016ರ ಏಪ್ರಿಲ್ 19. ಹಿಂದಿನ ದಿನ ಹೊಸೂರು ರಸ್ತೆಯಲ್ಲಿ ಹೊತ್ತಿದ ಕಿಡಿ ಅಂದು ತುಮಕೂರು ರಸ್ತೆಗೂ ಹಬ್ಬಿತ್ತು. ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಂಗಸರು ದಾರಿ ಕಟ್ಟಿದ್ದರು. ಕಲ್ಲು ತೂರಾಟವಾಯಿತು, ಬಸ್ಸುಗಳು ಸುಟ್ಟವು, ಲಾಠಿ ಬೀಸಿತು. ನಿಂತ ಬಸ್ಸಿನಲ್ಲಿ ಬೆವರುತ್ತ ಕುಳಿತಿದ್ದ ನಾನು ಪಕ್ಕದವರೊಡನೆ ಸೇರಿ ಆ ಹೆಂಗಸರನ್ನು ಬೈದೆ. ಕೊನೆಗೆ ಇಳಿದು ನಡೆದೆ. ಏಕೆ ಬಂದಿದ್ದಾರೆಂದು ಒಬ್ಬಳನ್ನೂ ಕೇಳಲಿಲ್ಲ. ಪತ್ತೇದಾರ ಪುರುಷೋತ್ತಮನ ಶಿಷ್ಯನ ಪತ್ತೇದಾರಿಕೆ ಅಷ್ಟಕ್ಕೇ ನಿಂತಿತ್ತು!

ಕಾರಣ ಗುಟ್ಟಾಗಿರಲಿಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರಕಾರ ಆ ವರ್ಷದ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಕಚೇರಿಯ ಕೆಲಸದವರಿಗೆ ಅದು ಉಳಿತಾಯದ ಹಿತವಚನವಾಗಿ ಕಂಡೀತು. ನಲವತ್ತಕ್ಕೇ ಕಣ್ಣು, ಸೊಂಟ ಸೋತು ಹೊಲಿಗೆಯಂತ್ರದಿಂದ ಏಳುವವಳಿಗೆ 58 ಎಂದರೆ ಎಷ್ಟು ದೂರ! ಚೀಟಿಯ ಈ ಲೆಕ್ಕವನ್ನು ಅವರೇ ಓದಿಕೊಂಡರು, ಒಬ್ಬರಿಗೊಬ್ಬರು ಹೇಳಿದರು, ಹೊರಬಂದರು. ಅಂದೇ ಸಂಜೆಯ ಹೊತ್ತಿಗೆ ಸರಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು.

ಮುಂದಿನ ವಾರ ಆ ತಾಯಿ ಮಗಳ ಹಾಜರಾತಿಯ ವಿಷಯಕ್ಕೆ ಕಾಲೇಜಿಗೆ ಬಂದಿದ್ದರು. ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು, ಇಷ್ಟು ವರ್ಷ ತಡವಾಗಿ, ಸಂಕೋಚದಿಂದಲೇ ಕೇಳಿದೆ. ಅವರು ನಕ್ಕರು. “ಆ ಪಿ.ಎಫ್. ದುಡ್ಡಿನಲ್ಲೇ ಅಲ್ಲವೆ ಮೇಷ್ಟ್ರೇ, ಇವಳನ್ನು ನಿಮ್ಮ ಕಾಲೇಜಿಗೆ ಸೇರಿಸಿದ್ದು!” ಎಂದರು.

ಮನೆಯಲ್ಲಿ ಮಕ್ಕಳೊಡನೆ ಈ ಚಿತ್ರವನ್ನು ಅವಶ್ಯ ನೋಡಿ. ಎನೋಲಾಳ ಸಾಹಸಕ್ಕೆ ಮನಸಾರೆ ಚಪ್ಪಾಳೆ ತಟ್ಟಿ. ಚಿತ್ರ ಮುಗಿದ ಮೇಲೆ ನಿಮ್ಮ ಮಗಳು ಎದ್ದುನಿಂತು ಅಡ್ಡಪ್ರಶ್ನೆ ಹಾಕಿದರೆ ಮಾತ್ರ, ದಯವಿಟ್ಟು, ಮೈಕ್ರಾಫ್ಟನಂತೆ ಹುಬ್ಬು ಗಂಟಿಕ್ಕಬೇಡಿ.