ಟಾಮ್ ಯಾಕೆ ಹಳಿ ಮೇಲೆ ಕೂತ?



ಗೌರಿಬಿದನೂರಿನ ತಾಯಿಯೊಬ್ಬರು ಬರೆದ ಕಾಗದ ಮುಂದಿಟ್ಟುಕೊಂಡು ಈ ಸಲದ ಅಂಕಣ ಬರೆಯುತ್ತಿದ್ದೇನೆ. ಅವರ ಮನೆ ರೈಲು ಹಳಿಗೆ ಹತ್ತಿರವಂತೆ. ಆರು ವರ್ಷದ ಮಗ ಮೊಬೈಲಿನಲ್ಲಿ ಟಾಮ್ ಅಂಡ್ ಜೆರ್ರಿ ನೋಡುತ್ತಾ ಕೂತಿದ್ದವನು ಅಡುಗೆಮನೆಗೆ ಬಂದು, "ಅಮ್ಮಾ, ಟಾಮ್ ಯಾಕೆ ಹಳಿ ಮೇಲೆ ಕೂತ? ಜೆರ್ರೀನೂ ಯಾಕೆ ಹೋಗಿ ಪಕ್ಕದಲ್ಲಿ ಕೂತ? ಆಮೇಲೆ ಏನಾಯ್ತು?" ಅಂತ ಕೇಳಿದನಂತೆ. ಇವರು ಒಗ್ಗರಣೆ ಹಾಕುವ ಅವಸರದಲ್ಲಿ, "ಅದು ಕಾರ್ಟೂನು ಕಣೋ, ಸುಮ್ನಿರು" ಅಂದರಂತೆ. ಅಂದಿನಿಂದ ರಾತ್ರಿ ಗಾಡಿ ಕೂಗಿದರೆ ಹುಡುಗ ಎದ್ದು ಕೂರುತ್ತಾನೆ. "ನಗಿಸೋ ಚಿತ್ರ ಅಂತ ಹಚ್ಚಿಕೊಟ್ಟೆ, ಹೀಗಾಯ್ತಲ್ಲ" ಎಂದು ಬರೆದಿದ್ದಾರೆ.

ಯಾವ ಚಿತ್ರ ಎಂದು ನನಗೆ ಓದುತ್ತಲೇ ಗೊತ್ತಾಯಿತು. ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ ಟೀವಿಯಲ್ಲಿ ನೋಡಿ, ಕೊನೆ ಮುಟ್ಟುತ್ತಲೇ ಎದ್ದು ಆರಿಸಿಬಿಟ್ಟಿದ್ದೆ. ಅದರ ಹೆಸರು 'ಬ್ಲೂ ಕ್ಯಾಟ್ ಬ್ಲೂಸ್'. 1956ರಲ್ಲಿ ಅಮೆರಿಕದಲ್ಲಿ ತೆರೆಕಂಡದ್ದು. ಹಳಬರಲ್ಲಿ ಬಹಳ ಜನರಿಗೆ ಇಷ್ಟವಿಲ್ಲದ ಟಾಮ್ ಅಂಡ್ ಜೆರ್ರಿ ಯಾವುದು ಅಂದರೆ ಇದರ ಹೆಸರು ಬಂದೇ ಬರುತ್ತದೆ. ಬರೀ ಇಷ್ಟವಿಲ್ಲ ಅಂದುಬಿಟ್ಟರೆ ಆ ತಾಯಿಗೆ ಉತ್ತರವಾಗುವುದಿಲ್ಲ. ಅದಕ್ಕೇ ಹೋದ ವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮಗಳ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಹಾಕಿಕೊಂಡು ನೋಡಿದೆ. ಏಳು ನಿಮಿಷದ ಚಿತ್ರ, ಏನು ಮಹಾ?

ಕಥೆ ಇಷ್ಟು. ಟಾಮ್ ಹಳಿ ಮೇಲೆ ತಲೆ ತಗ್ಗಿಸಿ ಕೂತಿದ್ದಾನೆ. ಮೇಲೆ ಸೇತುವೆಯಿಂದ ಜೆರ್ರಿ ನೋಡುತ್ತಾ, ಇವನಿಗೆ ಈ ಗತಿ ಯಾಕೆ ಬಂತು ಅಂತ ನಮಗೆ ಹೇಳುತ್ತಾನೆ. ಹೌದು, ಮಾತಾಡುತ್ತಾನೆ! ಸಾಮಾನ್ಯವಾಗಿ ಮಾತಾಡದ ಇಲಿಗೆ ಇಲ್ಲಿ ಪಾಲ್ ಫ್ರೀಸ್ ಎನ್ನುವ ನಟರ ದನಿ. ಟಾಮ್ ಒಂದು ಬಿಳಿ ಬೆಕ್ಕನ್ನು ಮೆಚ್ಚಿದ. ಅಷ್ಟರಲ್ಲಿ ಸಾಹುಕಾರ ಬುಚ್ ನಡುವೆ ಬಂದ. ಟಾಮ್ ಒಂದು ಹೂವು ತಂದರೆ ಬುಚ್ ನಮ್ಮ ಚಿಕ್ಕಬಳ್ಳಾಪುರದ ಹೂವಿನ ಮಂಡಿಯನ್ನೇ ಎತ್ತಿ ತಂದ ಹಾಗೆ ಹಾರ ತರುತ್ತಾನೆ. ಇವನು ಪುಟ್ಟ ಸೀಸೆಯಲ್ಲಿ ಸೆಂಟು ತಂದರೆ ಅವನು ಟ್ಯಾಂಕರ್ ಲಾರಿಯಲ್ಲಿ. ಇವನ ಉಂಗುರದ ಹರಳು ನೋಡಲು ಭೂತಗನ್ನಡಿ ಬೇಕು. ಅವನದ್ದನ್ನು ನೋಡಲು ವೆಲ್ಡಿಂಗ್ ಮಾಡುವವರ ಮುಖವಾಡ ಬೇಕು! ಕೊನೆಗೆ ಟಾಮ್ 20 ವರ್ಷದ ಜೀತಕ್ಕೆ ಸಹಿ ಹಾಕಿ ಒಂದು ಡಕೋಟಾ ಕಾರು ತರುತ್ತಾನೆ. ಬುಚ್‌ನ ಕಾರೋ, ಮೂತಿ ಕಂಡರೆ ಬಾಲ ಕಾಣದಷ್ಟು ಉದ್ದ.

ಈ ಭಾಗ ಚೆನ್ನಾಗಿದೆ ರೀ. ನಾನು ನಕ್ಕೆ. ಸಾಲ ಮಾಡಿ ದೊಡ್ಡಸ್ತಿಕೆ ತೋರಿಸಲು ಹೋದವನ ಕಥೆ ನಮಗೇನು ಹೊಸದೇ? ಬೀಗರ ಎದುರು ಕಮ್ಮಿಯಾಗಬಾರದು ಅಂತ ಚೀಟಿ ಎತ್ತಿ, ಒಡವೆ ಅಡವಿಟ್ಟು ಮಂಟಪ ಕಟ್ಟಿಸಿ, ಆಮೇಲೆ ಕಂತು ಕಟ್ಟುತ್ತಾ ಕೂತವರು ನಮ್ಮ ಬೀದಿಬೀದಿಯಲ್ಲಿದ್ದಾರೆ. ಚಿತ್ರ ಇಲ್ಲಿಗೇ ನಿಂತಿದ್ದರೆ ನಾನೇ ನಾಲ್ಕು ಜನಕ್ಕೆ ಕರೆದು ತೋರಿಸುತ್ತಿದ್ದೆ.

ನಿಲ್ಲುವುದಿಲ್ಲ. ಟಾಮ್ ಹಾಲು ಕುಡಿಕುಡಿದು ಹೆಂಡ ಕುಡಿದವನ ಹಾಗಾಗುತ್ತಾನೆ. ಚರಂಡಿ ನೀರಿನಲ್ಲಿ ಕೊಚ್ಚಿಹೋಗುವವನನ್ನು ಜೆರ್ರಿ ಎಳೆದು ಉಳಿಸುತ್ತಾನೆ. ಅದೇ ಹೊತ್ತಿಗೆ ಬುಚ್ ಮತ್ತು ಬಿಳಿ ಬೆಕ್ಕು ಮದುವೆಯಾಗಿ ಕಾರಿನಲ್ಲಿ ಹೋಗುತ್ತಾರೆ. ಸದ್ಯ ನನ್ನವಳು ಹಾಗಲ್ಲ ಅಂತ ಜೆರ್ರಿ ಹೇಳಿಕೊಳ್ಳುವಷ್ಟರಲ್ಲಿ ಅವನ ಇಲಿಯೂ ಇನ್ನೊಬ್ಬನ ಜೊತೆ ಮದುವೆ ಕಾರಿನಲ್ಲಿ ಹೋಗುತ್ತಾಳೆ. ಅವನೂ ಇಳಿದುಬಂದು ಟಾಮ್ ಪಕ್ಕ ಕೂರುತ್ತಾನೆ. ಗಾಡಿಯ ಕೂಗು ಹತ್ತಿರವಾಗುತ್ತದೆ, ಚಿತ್ರ ಮುಗಿಯುತ್ತದೆ.

ಇದು ಮೊದಲಿಗೆ ಮಕ್ಕಳಿಗೆಂದೇ ಮಾಡಿದ್ದಲ್ಲ ಎನ್ನುವುದು ನಿಜ. ಆ ಕಾಲದಲ್ಲಿ ಈ ಚಿತ್ರಗಳನ್ನು ಥಿಯೇಟರಿನಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ಹಾಕುತ್ತಿದ್ದರು, ದೊಡ್ಡವರೂ ಕೂತು ನಗುತ್ತಿದ್ದರು. ಮಾಡಿದ ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಸಾಮಾನ್ಯರಲ್ಲ. 1940ರಿಂದ ಈ ಜೋಡಿ ಬೆಕ್ಕು-ಇಲಿಯನ್ನು ಓಡಿಸಿ, ಸರಣಿಗೆ 7 ಆಸ್ಕರ್ ಬಂದಿತ್ತು. ಅವರಿಗೆ ಕೈ ಬರುತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ.

ಹಾಗಾದರೆ ಎಲ್ಲಿ ಕೆಟ್ಟಿತು? ಹೋಲಿಕೆಗೆ ಅವರದೇ 1946ರ 'ಸ್ಪ್ರಿಂಗ್‌ಟೈಮ್ ಫಾರ್ ಥಾಮಸ್' ನೋಡಿ. ಅಲ್ಲೂ ಟಾಮ್ ಒಬ್ಬಳನ್ನು ಮೆಚ್ಚಿ ಲೋಕ ಮರೆತಿರುತ್ತಾನೆ, ಅಲ್ಲೂ ಬುಚ್ ಇದ್ದಾನೆ. ಆದರೆ ಜೆರ್ರಿ ಸುಮ್ಮನಿರುವುದಿಲ್ಲ. ಅವಳ ಹೆಸರಿನಲ್ಲಿ ತಾನೇ ಕಾಗದ ಬರೆದು ಬುಚ್‌ನನ್ನು ಕರೆಸುತ್ತಾನೆ, ಇಬ್ಬರಿಗೂ ತಂದಿಡುತ್ತಾನೆ. ತುಂಟತನ, ಒಪ್ಪುತ್ತೇನೆ. ಆದರೆ ಟಾಮ್ ಕೊನೆಗೆ ಪ್ರೀತಿಯ ಗೊಡವೆ ಬಿಟ್ಟು ಮತ್ತೆ ಇಲಿ ಹಿಂದೆ ಓಡುತ್ತಾನೆ. ಹತ್ತು ವರ್ಷದ ಮೇಲೆ ಅದೇ ಜೆರ್ರಿ, ಚರಂಡಿಯಿಂದ ಎಳೆದವನು, ಗೆಳೆಯ ಹಳಿ ಮೇಲೆ ಕೂತಿರುವಾಗ ಸೇತುವೆ ಮೇಲೆ ಕೂತು ಕಥೆ ಹೇಳುತ್ತಾನೆ! ಹೀಗಾದರೂ ಇವನ ಸಂಕಟ ತೀರಲಿ ಎನ್ನುವ ಧಾಟಿ ಬೇರೆ. ಎರಡನೇ ಸಲ ನೋಡುವಾಗ ನನಗೆ ತಡೆಯದಷ್ಟು ಸಿಟ್ಟು ಬಂದದ್ದು ಇಲ್ಲೇ. ಏಳು ನಿಮಿಷ ಮಾತಾಡಲು ಬಾಯಿದೆ, "ಏಳೋ, ಬಾ ಮನೆಗೆ" ಅನ್ನಲು ಬಾಯಿಲ್ಲ.

ಇನ್ನೊಂದು. ಈ ಸರಣಿಯಲ್ಲಿ ಬಾಣಲೆಯಿಂದ ಹೊಡೆದರೆ ಮುಖ ಬಾಣಲೆಯಾಗುತ್ತದೆ, ಮರುಗಳಿಗೆ ಸರಿಹೋಗುತ್ತದೆ. ಅದಕ್ಕೇ ಮಕ್ಕಳು ಧೈರ್ಯವಾಗಿ ನಗುವುದು. ಇಲ್ಲಿ ಆ ಮರುಗಳಿಗೆಯನ್ನೇ ಕಿತ್ತುಕೊಂಡಿದ್ದಾರೆ. ಆರು ವರ್ಷದ ಮಗು "ಆಮೇಲೆ ಏನಾಯ್ತು?" ಅಂತ ಕೇಳದೆ ಇನ್ನೇನು ಕೇಳೀತು?

ಆ ಬಿಳಿ ಬೆಕ್ಕಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಅವಳಿಗೆ ಹೆಸರಿಲ್ಲ, ಮಾತಿಲ್ಲ. ಟಾಮ್ ತಂದದ್ದು ಬೇಡ ಅಂದಳು, ಸರಿ, ಬೇಡ ಅನ್ನುವ ಹಕ್ಕು ಅವಳಿಗಿಲ್ಲವೇ? ಚಿತ್ರದಲ್ಲಿ ಇರುವ ಎರಡು ಹೆಣ್ಣುಗಳೂ ಕೈಕೊಟ್ಟವರು, ಗಂಡುಗಳೆಲ್ಲ ಪಾಪ! ಒಬ್ಬ ಹುಡುಗಿ ಒಲ್ಲೆ ಅಂದರೆ ಬದುಕೇ ಮುಗಿಯಿತು ಎನ್ನುವ ಮಾತು ಬೆಳೆಯುವ ಗಂಡುಮಕ್ಕಳ ಕಿವಿಗೆ ನಗುವಿನ ಜೊತೆ ಬೀಳುವುದು ನನಗೆ ಬೇಡ. ನಮ್ಮ ಊರುಗಳಲ್ಲಿ ಹಳಿ ದೂರದ ಮಾತೂ ಅಲ್ಲ. ಗೌರಿಬಿದನೂರಿನಲ್ಲಿ ಗುಂತಕಲ್ ಕಡೆಯ ಗಾಡಿಗಳು. ಇತ್ತ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಕೋಲಾರದ ಕಡೆ ಹೋಗುವ, ಹಿಂದೆ ಪುಟ್ಟ ಹಳಿಯಾಗಿದ್ದ ದಾರಿ. ಅದು ಮಕ್ಕಳಿಗೆ ಅಜ್ಜಿ ಮನೆಗೆ ಹೋಗುವ ದಾರಿಯಾಗಿಯೇ ಇರಲಿ.

ಗೌರಿಬಿದನೂರಿನ ಸೋದರಿಯೇ, ಹುಡುಗನಿಗೆ ಸುಮ್ಮನಿರು ಅನ್ನಬೇಡಿ. ಕೂರಿಸಿಕೊಂಡು ನಿಜ ಹೇಳಿ. ಟಾಮ್‌ಗೆ ತುಂಬಾ ಬೇಜಾರಾಗಿತ್ತು, ಯಾರಾದರೂ ಹೋಗಿ ಕೈಹಿಡಿದು ಎಬ್ಬಿಸಬೇಕಿತ್ತು, ಚಿತ್ರ ಮಾಡಿದವರು ಅದನ್ನು ತೋರಿಸಲಿಲ್ಲ ಎನ್ನಿ. ಇದೇ ಕೊನೆಯ ಟಾಮ್ ಅಂಡ್ ಜೆರ್ರಿ ಅಂತ ಕೆಲವರು ಹೇಳುವುದುಂಟು. ಸುಳ್ಳು. ಇದಾದ ಮೇಲೂ 1958ರವರೆಗೆ ಅದೇ ಇಬ್ಬರು ಮಾಡಿದ ಹತ್ತಕ್ಕಿಂತ ಹೆಚ್ಚು ಚಿತ್ರಗಳು ಬಂದವು, ಅವುಗಳಲ್ಲಿ ಟಾಮೂ ಇದ್ದಾನೆ, ಜೆರ್ರಿಯೂ ಇದ್ದಾನೆ. ಇದನ್ನು ಹೇಳಿ, ಬೇಕಾದರೆ ಒಂದು ಹಾಕಿ ತೋರಿಸಿ. "ನಿನಗೆ ಬೇಜಾರಾದರೆ ಯಾರ ಹತ್ರ ಬರ್ತೀಯ?" ಅಂತ ಕೇಳಿ, ಅವನು ಹೇಳುವವರೆಗೂ ಕಾಯಿರಿ.

ದೊಡ್ಡ ಮಕ್ಕಳು, ಅಷ್ಟೇಕೆ, ನಾವೇ ಯಾರಾದರೂ ಟಾಮ್‌ನ ಹಾಗೆ ಕುಗ್ಗಿ ಕೂತಿದ್ದರೆ, 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಹಗಲು ರಾತ್ರಿ ಯಾವಾಗಲಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಒಲೆಯ ಪಕ್ಕದ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಮಕ್ಕಳಿಗೆ ಯಾವುದನ್ನು ಹಾಕೋಣ ಅಂತೀರಾ? 1947ರ 'ದಿ ಕ್ಯಾಟ್ ಕನ್ಸರ್ಟೊ' ಹಾಕಿ. ಟಾಮ್ ಕೋಟು ತೊಟ್ಟು ಪಿಯಾನೋ ನುಡಿಸುತ್ತಾನೆ, ಪಿಯಾನೋ ಒಳಗೆ ಮಲಗಿದ್ದ ಜೆರ್ರಿಗೆ ನಿದ್ದೆ ಕೆಡುತ್ತದೆ. ಒಂದು ಮಾತೂ ಇಲ್ಲ. ಶಿಡ್ಲಘಟ್ಟದಲ್ಲಿ ನಮ್ಮಕ್ಕನ ಮೊಮ್ಮಕ್ಕಳು ಮೂರು ಸಲ ಹಾಕಿಸಿಕೊಂಡು, ಆಮೇಲೆ ಊಟದ ತಟ್ಟೆಯನ್ನೇ ಪಿಯಾನೋ ಮಾಡಿಕೊಂಡಿದ್ದರು.

ಚಿಂತಾಮಣಿಯ ಸೋದರಿ ಕೇಳಿದ್ದ ಹಿತಕವರೆ ಸಾರಿನ ಅಳತೆ ಈ ಸಲ ಹಿಡಿಸಲಿಲ್ಲ. ಮುಂದಿನ ಸಂಚಿಕೆಯಲ್ಲಿ ಖಂಡಿತ.