ಮಳೆಯ ಮೇಲಣ ವಿಶ್ವಾಸ

ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ನೆರೆಯ ಅರಸರ ದಂಡು ಎಂಬ ಆರನ್ನು ಈತಿಬಾಧೆಗಳೆಂದು ಎಣಿಸಿದ ನಮ್ಮ ಪೂರ್ವಿಕರು, ಆ ಪಟ್ಟಿಯ ಮೊದಲ ಎರಡನ್ನು ಪರಸ್ಪರ ವಿರುದ್ಧವಾದ ವಿಪತ್ತುಗಳನ್ನಾಗಿಯೇ ಕಂಡರೆಂದು ತೋರುತ್ತದೆ. ಮಳೆ ಮೇರೆ ಮೀರಿದ ವರ್ಷವೊಂದು, ಮಳೆ ಬಾರದೆ ಹೋದ ವರ್ಷ ಮತ್ತೊಂದು. ಒಂದರಿಂದ ನೊಂದವನು ಇನ್ನೊಂದರ ಭಯದಿಂದ ಆ ವರ್ಷದ ಮಟ್ಟಿಗಾದರೂ ಮುಕ್ತನಾಗಿರುತ್ತಿದ್ದನು. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಸುತ್ತಿನಲ್ಲಿ ಇಂದು ಆರಂಬ ಮಾಡುವವನಿಗೆ ಅಷ್ಟು ಸಮಾಧಾನವೂ ಉಳಿದಿಲ್ಲ. ಹೊಳೆ ದಡ ಮೀರಿ ಹರಿಯುತ್ತಿರುವಾಗಲೇ ಹೊಲ ಒಣಗುವುದು, ಬಿತ್ತನೆಗೆ ಬಾರದ ಮಳೆ ಕೊಯ್ದು ಹಾಕಿದ ರಾಗಿಯ ಮೇಲೆ ಸುರಿಯುವುದು, ಇವೆರಡನ್ನೂ ಆತ ಒಂದೇ ಸಂವತ್ಸರದಲ್ಲಿ ಕಾಣುವಂತಾಗಿದೆ. ಇದನ್ನು ದೈವೇಚ್ಛೆಯೆಂದು ಸ್ವೀಕರಿಸಿ ಸುಮ್ಮನಿರತಕ್ಕದ್ದೋ, ಅಥವಾ ಇದರಲ್ಲಿ ಮನುಷ್ಯನ ಪಾಲೆಷ್ಟು, ಹೊಣೆ ಯಾರದು ಎಂದು ವಿಚಾರಿಸತಕ್ಕದ್ದೋ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳುವುದಕ್ಕೆ ಅಂತರಸಂತೆಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ, ನಾಗರಹೊಳೆಯ ಅರಣ್ಯವೂ ರಾಗಿ, ಹತ್ತಿ, ಹೊಗೆಸೊಪ್ಪುಗಳ ಬಯಲೂ ಸಂಧಿಸುವ ಎಡೆಯಲ್ಲಿ ಈ ಊರಿದೆ. ಕಾಡಿನಾಚೆ ಪಶ್ಚಿಮಕ್ಕೆ ವಯನಾಡಿನ ಬೆಟ್ಟಗಳು. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಸ್ಥಳಗಳುಂಟು. ಪೂರ್ವಕ್ಕೆ ಮೈಸೂರಿನ ಬಯಲು; ಅಲ್ಲಿ ಬೀಳುವುದು ಏಳೆಂಟುನೂರು ಮಿಲಿಮೀಟರ್ ಮಾತ್ರ. ವಯನಾಡಿನ ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಆದ ಕಬಿನಿ, ಕಪಿಲೆಯೆಂಬ ಪುಣ್ಯನಾಮವನ್ನೂ ಧರಿಸಿ, ಆ ಮಲೆಯ ನೀರನ್ನು ಈ ಬಯಲಿಗೆ ತರುತ್ತದೆ. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರು ಇದೇ ನದಿಯ ದಡದ್ದು. ಆನೆ ಹಿಡಿಯುವ ಖೆಡ್ಡಾಗಳಿಂದ ಹೆಸರಾಗಿದ್ದ ಕಾಕನಕೋಟೆಯ ಕಾಡೂ ಇದೇ ನದಿಯದು. 1974ರಲ್ಲಿ ಮುಗಿದ ಬೀಚನಹಳ್ಳಿಯ ಅಣೆಕಟ್ಟೆಯ ಹಿನ್ನೀರು ಆ ಕಾಡಿನ ಒಂದು ಭಾಗವನ್ನೂ ಅನೇಕ ಹಳ್ಳಿಗಳನ್ನೂ ಮುಳುಗಿಸಿ ಇಂದು ಅಂತರಸಂತೆಯ ನೆರೆಯಲ್ಲಿ ಹರಡಿಕೊಂಡಿದೆ. ಹೀಗಾಗಿ ಇಲ್ಲಿಯವನ ಕಣ್ಣಿಗೆ ಕಾಣುವ ನೀರಿಗೂ ಅವನ ಹೊಲದ ಮೇಲಣ ಆಕಾಶಕ್ಕೂ ಸಂಬಂಧವಿರಲೇಬೇಕೆಂಬ ನಿಯಮವಿಲ್ಲ.

2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ, ಒಂದರ ಹಿಂದೆ ಒಂದರಂತೆ ಎರಡು ವರ್ಷ, ಇದು ಎಲ್ಲರಿಗೂ ಮನದಟ್ಟಾಯಿತು. ವಯನಾಡಿನಲ್ಲಿ ಕೆಲವೇ ದಿನಗಳೊಳಗೆ ಸುರಿದ ಮಳೆ ಕಬಿನಿಯನ್ನು ತುಂಬಿ, ನಂಜನಗೂಡಿನ ಸ್ನಾನಘಟ್ಟವನ್ನೂ ಹದಿನಾರು ಕಾಲಿನ ಮಂಟಪವನ್ನೂ ಮುಳುಗಿಸಿ, ಮಲ್ಲನಮೂಲೆಯ ಬಳಿ ಮೈಸೂರಿನ ಹೆದ್ದಾರಿಯನ್ನೇ ತಡೆಯಿತು. 2019ರಲ್ಲಿ ಜಲಾಶಯದಿಂದ ಹೊರಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ಸನ್ನು ದಾಟಿತು. ಈ ಸಂಖ್ಯೆಯ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಬಿನಿ ಜಲಾಶಯದ ಪೂರ್ಣ ಸಾಮರ್ಥ್ಯ 19.52 ಟಿ.ಎಂ.ಸಿ.; ಒಂದು ಲಕ್ಷ ಕ್ಯೂಸೆಕ್ಸ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ. ಎಂದರೆ, ಬರಿದಾದ ಜಲಾಶಯವೇ ಆದರೂ ಅಂತಹ ಪ್ರವಾಹದ ಮುಂದೆ ಎರಡೂಕಾಲು ದಿನದಲ್ಲಿ ತುಂಬಿಹೋಗಬೇಕು. ಮುಂಗಾರಿನ ಮೊದಲ ವಾರಗಳಲ್ಲಿಯೇ ಅದನ್ನು ತುಂಬಿಸಿಕೊಂಡಿದ್ದರೆ ಬಾಗಿಲುಗಳನ್ನು ತೆರೆಯುವುದರ ಹೊರತು ಅಣೆಕಟ್ಟೆಯ ಅಧಿಕಾರಿಗೆ ಬೇರೆ ದಾರಿಯೇ ಇಲ್ಲ. ನೆರೆಗೆ ಸ್ಥಳ ಬಿಟ್ಟು ಕುಳಿತನೆನ್ನಿ, ಮುಂದಿನ ಮಳೆ ಬಾರದೆ ಹೋದರೆ ಬೇಸಗೆಯ ಬರಕ್ಕೆ ಅವನೇ ಉತ್ತರವಾದಿಯಾಗುತ್ತಾನೆ. ಈ ಸಂಕಟದಲ್ಲಿ ಸಿಕ್ಕಿದ ಮನುಷ್ಯನನ್ನು ನಿಂದಿಸುವುದು ಸುಲಭ, ನ್ಯಾಯವಲ್ಲ.

ಇತ್ತ ಮಳೆಯಾಶ್ರಿತ ಹೊಲದವನ ಸಂಕಟವೂ ಬೇರೆಯಲ್ಲ. ಅವನ ಅಣೆಕಟ್ಟೆ ಯಾವುದೆಂದರೆ ನಕ್ಷತ್ರಗಳ ಲೆಕ್ಕ. ಭರಣಿ ಮಳೆಗೆ ಧರಣಿಯೆಲ್ಲ ಬೆಳೆಯುವುದೆಂಬ ಗಾದೆಯನ್ನು ನಂಬಿ ಆತ ಏಪ್ರಿಲ್ ಕೊನೆಯಿಂದ ಆಕಾಶ ನೋಡುತ್ತಾನೆ. ಕೃತ್ತಿಕೆ, ರೋಹಿಣಿಗಳಲ್ಲಿ ಉತ್ತು ಹದಮಾಡುತ್ತಾನೆ. ಮೃಗಶಿರ, ಆರಿದ್ರೆಗಳ ಸೋನೆಯನ್ನು ನಿರೀಕ್ಷಿಸುತ್ತಾನೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನೆಂಬ ಆಧಾರದ ಮೇಲೆ ನಿಂತ ಈ ಪಂಚಾಂಗ ಮೂಢನಂಬಿಕೆಯಲ್ಲ. ತಲೆತಲಾಂತರದ ರೈತರು ಕಂಡದ್ದನ್ನು ಕ್ರಮಪಡಿಸಿ ಇರಿಸಿದ ಸಾಮೂಹಿಕ ಸ್ಮೃತಿ ಅದು. ಅಯನಚಲನೆಯಿಂದ ನಕ್ಷತ್ರಕ್ಕೂ ಋತುವಿಗೂ ನಡುವಣ ಸಂಬಂಧ ಸಡಿಲುವುದುಂಟು. ಆದರೆ ಅದು ಎಪ್ಪತ್ತೆರಡು ವರ್ಷಕ್ಕೆ ಸುಮಾರು ಒಂದು ದಿನದಷ್ಟು ಮಾತ್ರ, ಅಜ್ಜನಿಂದ ಮೊಮ್ಮಗನವರೆಗೆ ಯಾರ ಗಮನಕ್ಕೂ ಬಾರದಷ್ಟು. ತಪ್ಪಿರುವುದು ನಕ್ಷತ್ರವಲ್ಲ, ಮಳೆ. ನಾಲ್ಕು ಸೋನೆಗಳಾಗಿ ಬರಬೇಕಾದದ್ದು ಒಂದು ರಾತ್ರಿಯ ಬಿರುಮಳೆಯಾಗಿ ಬಂದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋದರೂ ವರ್ಷದ ಮೊತ್ತದಲ್ಲಿ ಲೋಪ ಕಾಣದು. ಮಳೆಮಾಪಕದ ಸರಾಸರಿ ಸರಿಯಾಗಿರುವಾಗಲೇ ಪೈರು ಸತ್ತಿರುತ್ತದೆ. ಹವಾಮಾನ ಬದಲಾಗುತ್ತಿದೆಯೆಂಬುದಕ್ಕೆ ಸಾಕ್ಷಿಯನ್ನು ಮೊತ್ತದಲ್ಲಿ ಹುಡುಕುವವನು ಅದನ್ನು ಕಾಣಲಾರನು. ಮಳೆಯ ಕ್ರಮದಲ್ಲಿ ಅದನ್ನು ಹುಡುಕಬೇಕು.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು; ಅದನ್ನು ಮರೆಮಾಚುವುದು ಸಲ್ಲದು. ಬರಗಾಲ ಹೊಸದೇ? 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಕ್ಷಾಮದ ಹೆಸರು ಮೈಸೂರು ಸೀಮೆಯ ಮುದುಕರ ಬಾಯಲ್ಲಿ ಬಹುಕಾಲ ಉಳಿದಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ನೆರೆ ಹೊಸದೇ? 1924ರ ಜುಲೈನಲ್ಲಿ ಕಾವೇರಿಯೂ ಅದರ ಉಪನದಿಗಳೂ ಉಕ್ಕಿದ ಬಗೆ ಇಂದಿಗೂ ಅಳತೆಗೋಲಾಗಿದೆ. ಆಗ ಇಷ್ಟು ವಾಹನಗಳಿಲ್ಲ, ಕಾರ್ಖಾನೆಗಳಿಲ್ಲ. ಆಕ್ಷೇಪ ನಿಜವೇ, ಯಾವುದೇ ಒಂದು ನೆರೆಯನ್ನಾಗಲಿ ಒಂದು ಬರವನ್ನಾಗಲಿ ತೋರಿಸಿ ಇದು ಮನುಷ್ಯಕೃತವೆಂದು ಘೋಷಿಸುವುದು ವಿಚಾರವಂತರಿಗೆ ಒಪ್ಪುವ ಮಾತಲ್ಲ. ಆದರೆ ಧಾತು ಈಶ್ವರ ಕ್ಷಾಮವನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ, ಮಳೆ ತಪ್ಪಿದ್ದು ಶಾಂತ ಮಹಾಸಾಗರದ ಎಲ್ ನಿನೊ ಪ್ರಭಾವದಿಂದಾದರೂ, ಜನ ಅಷ್ಟು ಸಂಖ್ಯೆಯಲ್ಲಿ ಸತ್ತದ್ದು ಧಾನ್ಯದ ಬೆಲೆ ಏರಿದ್ದರಿಂದ ಮತ್ತು ಪರಿಹಾರ ತಡವಾಗಿ, ಅಲ್ಪವಾಗಿ ಬಂದದ್ದರಿಂದ ಎಂಬುದು ತಿಳಿಯುತ್ತದೆ. ಮಳೆ ತಪ್ಪುವುದಕ್ಕೂ ಮನುಷ್ಯ ಸಾಯುವುದಕ್ಕೂ ನಡುವೆ ಆಗಲೂ ಆಡಳಿತವೊಂದು ನಿಂತಿತ್ತು. ಅಗ್ನಿ, ಉದಕ, ದುರ್ಭಿಕ್ಷಗಳನ್ನು ದೈವಿಕ ಭಯಗಳೆಂದು ಕರೆದ ಕೌಟಿಲ್ಯನೂ ಅವುಗಳಿಂದ ಜನಪದವನ್ನು ಕಾಪಾಡುವ ಹೊಣೆಯನ್ನು ಅರಸನಿಗೇ ವಹಿಸಿದನಲ್ಲದೆ ದೈವಕ್ಕೆ ಬಿಟ್ಟುಕೊಡಲಿಲ್ಲ.

ಇನ್ನು, ಮಳೆಯ ಸ್ವಭಾವವೇ ಬದಲಾಗುವುದರಲ್ಲಿ ಮನುಷ್ಯನ ಕೈವಾಡವಿದೆಯೇ ಎಂಬ ಎರಡನೆಯ ಮಾತು. ಕಲ್ಲಿದ್ದಲನ್ನು ಸುಟ್ಟುದರಿಂದ ವಾತಾವರಣ ಕಾಯಬಹುದೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿಯೇ ಲೆಕ್ಕಹಾಕಿದ್ದನು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಧರಿಸಬಲ್ಲ ತೇವ ಶೇಕಡ ಏಳರಷ್ಟು ಹೆಚ್ಚುತ್ತದೆ. ಹಾಗಾಗಿ ಮೋಡ ಹೆಚ್ಚು ಹೀರಿ, ಹೆಚ್ಚು ಕಾಲ ತಡೆದು, ಸುರಿಯುವಾಗ ಒಮ್ಮೆಗೇ ಸುರಿಯುತ್ತದೆ. ಬರವೂ ನೆರೆಯೂ ಜೊತೆಗೂಡುವುದು ವಿರೋಧಾಭಾಸವಲ್ಲ, ಒಂದೇ ಕಾರಣದ ಎರಡು ಮುಖ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಅದರ ಮುಂದಿನ ಮುಂಗಾರಿನಲ್ಲಿಯೇ, 2024ರ ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಜಾರಿ ಇನ್ನೂರೈವತ್ತಕ್ಕೂ ಮಿಗಿಲಾದ ಜನ ಮಡಿದರು. ಮಂಡ್ಯ, ಚಾಮರಾಜನಗರದ ಕಡೆಯಿಂದ ಹೋಗಿ ನೆಲೆಸಿದ್ದ ಕನ್ನಡಿಗರೂ ಅವರಲ್ಲಿದ್ದರು. ಆ ಇಳಿಜಾರಿನ ನೀರು ಚಾಲಿಯಾರಿಗೆ ಸೇರತಕ್ಕದ್ದು, ಕಬಿನಿಗಲ್ಲ. ಆದರೆ ಬೆಟ್ಟದ ಆ ಮಗ್ಗುಲಿಗೂ ಈ ಮಗ್ಗುಲಿಗೂ ಸುರಿದದ್ದು ಒಂದೇ ಮುಂಗಾರು. ಅಂದಿನ ಮಳೆ ಭೂಮಿಯ ಕಾವೇರಿದ್ದರಿಂದ ಸುಮಾರು ಶೇಕಡ ಹತ್ತರಷ್ಟು ಹೆಚ್ಚು ಬಿರುಸಾಯಿತೆಂದು ಹವಾಮಾನ ವಿಜ್ಞಾನಿಗಳ ತಂಡವೊಂದು ಅಂದಾಜು ಮಾಡಿತು. ಉಳಿದುದನ್ನೆಲ್ಲ ಪ್ರಕೃತಿಯದೆಂದೇ ಇಟ್ಟುಕೊಂಡರೂ, ಸಡಿಲಗೊಂಡ ಇಳಿಜಾರಿನಲ್ಲಿ ಆ ಹೆಚ್ಚಳದ ಬೆಲೆ ಅಲ್ಪವೆನ್ನಲಾಗದು.

ಹೀಗೆ ನೋಡಿದರೆ, ರೈತನ ನಕ್ಷತ್ರಗಣನೆ, ಅಣೆಕಟ್ಟೆಯ ನಿರ್ವಹಣೆ, ನೀರು ಹಂಚುವ ನ್ಯಾಯ ಇವು ಮೂರೂ ಒಂದೇ ವಿಶ್ವಾಸದ ಮೇಲೆ ನಿಂತಿವೆ: ನಾಳಿನ ಮಳೆ ನಿನ್ನೆಯದನ್ನು ಹೋಲುವುದೆಂಬ ವಿಶ್ವಾಸ. ಕಬಿನಿ ಕೂಡುವ ಕಾವೇರಿ ತಮಿಳುನಾಡಿಗೆ ದಾಟುವ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿ.ಎಂ.ಸಿ. ಹರಿಯಬೇಕೆಂದು 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನಿಗದಿಪಡಿಸಿದ್ದು ಸಾಮಾನ್ಯ ವರ್ಷವೊಂದನ್ನು ಮುಂದಿಟ್ಟುಕೊಂಡು. ಅಂತಹ ಸಾಮಾನ್ಯ ವರ್ಷವೇ ವಿರಳವಾಗುತ್ತಿರುವಾಗ, ಸಂಕಷ್ಟದ ವರ್ಷದ ಹಂಚಿಕೆಯ ಸೂತ್ರವನ್ನು ಇನ್ನೂ ಇತ್ಯರ್ಥಗೊಳಿಸದೆ ಮುಂದೂಡುತ್ತ ಬಂದಿರುವುದು ನನಗೆ ಎರಡೂ ರಾಜ್ಯಗಳ ದೊಡ್ಡ ಲೋಪವಾಗಿ ಕಾಣುತ್ತದೆ.

ಈ ವಿಶ್ವಾಸ ಕುಸಿದಾಗ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದೇ ನನ್ನನ್ನು ಬಹಳವಾಗಿ ನೋಯಿಸುವ ಸಂಗತಿ. ಅಣೆಕಟ್ಟೆಗಾಗಿ ಒಮ್ಮೆ, ಹುಲಿಯ ಕಾಡಿಗಾಗಿ ಇನ್ನೊಮ್ಮೆ ನೆಲೆ ಬಿಟ್ಟ ಜೇನುಕುರುಬರೂ ಕಾಡುಕುರುಬರೂ ಈ ಭೂಮಿಯ ಗಾಳಿಗೆ ಸೇರಿಸಿದ ಹೊಗೆ ಒಲೆಯ ಹೊಗೆಗಿಂತ ಹೆಚ್ಚಿನದಲ್ಲ. ಹೂವು ಅಕಾಲದಲ್ಲಿ ಉದುರಿ ಜೇನು ಕಡಮೆಯಾದರೆ ಮೊದಲು ಬರಿದಾಗುವುದು ಅವರ ಹಾಡಿ. ಹತ್ತಿಗೋ ಹೊಗೆಸೊಪ್ಪಿಗೋ ಶುಂಠಿಗೋ ಇಡೀ ಹೊಲವನ್ನು ಒತ್ತೆಯಿಟ್ಟ ಸಣ್ಣ ರೈತನೂ ಅಷ್ಟೆ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿಯಾಗಿ ಬಿತ್ತುತ್ತಿದ್ದ ಅವನ ತಾತನು ಒಂದು ಮಳೆ ತಪ್ಪಿದರೆ ಒಂದು ಕಾಳನ್ನು ಕಳೆದುಕೊಳ್ಳುತ್ತಿದ್ದನು; ಇವನು ವರ್ಷವನ್ನೇ ಕಳೆದುಕೊಳ್ಳುತ್ತಾನೆ. ಅಕ್ಕಡಿಗೆ ಹಿಂದಿರುಗೆಂದು ಅವನಿಗೆ ಉಪದೇಶಿಸುವ ಮೊದಲು, ಅವರೆಗೂ ಹುಚ್ಚೆಳ್ಳಿಗೂ ಹೊಗೆಸೊಪ್ಪಿಗಿರುವಂತಹ ನಿಶ್ಚಿತ ಮಾರುಕಟ್ಟೆಯನ್ನು ಸರ್ಕಾರ ಒದಗಿಸಬೇಕು. ಗ್ರಾಮಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ರಾಜ್ಯ ಈಗಾಗಲೇ ಸ್ಥಾಪಿಸಿದೆ. ಅವುಗಳ ಅಳತೆ ರಾಜಧಾನಿಯ ಕಚೇರಿಗೆ ಹೋದಂತೆಯೇ ಊರಿನ ಪಂಚಾಯಿತಿಯ ಗೋಡೆಯ ಮೇಲೆಯೂ, ಹಾಡಿಯ ಶಾಲೆಯ ಹಲಗೆಯ ಮೇಲೆಯೂ, ಪನಮರಂ ಮಾನಂದವಾಡಿಗಳಲ್ಲಿ ಆ ದಿನ ಬಿದ್ದ ಮಳೆಯ ಅಳತೆಯೊಡನೆ, ಪ್ರತಿ ಬೆಳಗ್ಗೆ ಬರೆಯಲ್ಪಡಬೇಕು. ಕೇರಳದ ಗಡಿ ದಾಟಿ ಬರುವ ನೀರಿಗಿಂತ ಮುಂಚಿತವಾಗಿ ಅದರ ಸುದ್ದಿ ಬರುವಂತಾದರೆ, ಜಲಾಶಯದ ಅಧಿಕಾರಿಗೆ ಸಿಗುವ ಕೆಲವು ಗಂಟೆಗಳ ಕಾಲಾವಕಾಶ ಕೆಳಗಿನ ದಡದವರಿಗೂ ಸಿಗುವುದು.